ಹಾಸ್ಪೈಸ್‌ಗೆ ಯಾವಾಗ? ಅರ್ಧ ಉತ್ತರ ಮನೆಯಲ್ಲೇ ಇದೆ

ಒಬ್ಬ ರೋಗಿಗೆ ಹಾಸ್ಪೈಸ್ ಆರೈಕೆಯ, ಅಂದರೆ ಕೊನೆಗಾಲದ ನೆಮ್ಮದಿಯ ಆರೈಕೆಯ ಹೊತ್ತು ಬಂತು ಅಂತ ತೀರ್ಮಾನ ಮಾಡುವುದು ಹೇಗೆ? ಇದು ನನಗೆ ಕೊಟ್ಟಿರುವ ವಿಷಯ. ಡಾಕ್ಟರುಗಳ ಸಭೆಯಾಗಿದ್ದರೆ ಪರದೆಯ ಮೇಲೆ ನಾಲ್ಕು ಕೋಷ್ಟಕ ಹಾಕಿ ಮುಗಿಸಿಬಿಡುತ್ತಿದ್ದೆ. ಇಲ್ಲಿ ಕೂತಿರುವವರಲ್ಲಿ ಜಾಸ್ತಿ ಜನ ಮನೆಯಲ್ಲಿ ಅಪ್ಪನನ್ನೋ ಅತ್ತೆಯನ್ನೋ ನೋಡಿಕೊಳ್ಳುತ್ತಿರುವವರು. ಅದಕ್ಕೇ ನಿಮಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ತೀರ್ಮಾನಕ್ಕೆ ಬೇಕಾದ ಸಾಕ್ಷಿಯಲ್ಲಿ ದೊಡ್ಡ ಪಾಲು ನಿಮ್ಮ ಹತ್ತಿರವೇ ಇರುತ್ತದೆ. ಸ್ಕ್ಯಾನ್ ರಿಪೋರ್ಟಿನಲ್ಲಿ ಕಾಣದ ಎಷ್ಟೋ ಸಂಗತಿ ಬೆಳಿಗ್ಗೆ ಬಚ್ಚಲಿಗೆ ಕರೆದುಕೊಂಡು ಹೋಗುವವರಿಗೆ ಗೊತ್ತಿರುತ್ತದೆ.

ಶುರುವಿಗೇ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಪ್ಯಾಲಿಯೇಟಿವ್ ಆರೈಕೆಗೂ ಹಾಸ್ಪೈಸ್‌ಗೂ ಜನ ವ್ಯತ್ಯಾಸ ಮಾಡುವುದಿಲ್ಲ. ನೋವು, ದಮ್ಮು, ವಾಂತಿ, ನಿದ್ದೆಗೇಡು, ಭಯ ಇವನ್ನು ಕಡಿಮೆ ಮಾಡುವುದು ಪ್ಯಾಲಿಯೇಟಿವ್ ಆರೈಕೆ. ಅದಕ್ಕೆ ಯಾವ ಅರ್ಹತೆಯೂ ಬೇಡ. ಕಾಯಿಲೆ ಗೊತ್ತಾದ ದಿನವೇ ಶುರು ಮಾಡಬಹುದು, ಕೀಮೋ ಜೊತೆಗೇ ನಡೆಸಬಹುದು. ಬಾಸ್ಟನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರ ಮೇಲೆ ಒಂದು ಅಧ್ಯಯನ ಮಾಡಿದರು. 2010ರಲ್ಲಿ ಪ್ರಕಟವಾಯಿತು. ಮೊದಲಿಂದಲೇ ಪ್ಯಾಲಿಯೇಟಿವ್ ಆರೈಕೆ ಸಿಕ್ಕ ಗುಂಪಿನವರು ಮಧ್ಯಮ ಲೆಕ್ಕದಲ್ಲಿ (ಅಂದರೆ ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 11.6 ತಿಂಗಳು ಬದುಕಿದರು. ಬರೀ ಮಾಮೂಲು ಚಿಕಿತ್ಸೆ ಸಿಕ್ಕವರು 8.9 ತಿಂಗಳು. ಆರೈಕೆ ತಗೊಂಡರೆ ಬೇಗ ಹೋಗಿಬಿಡುತ್ತಾರೆ ಅನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತಿರುತ್ತೇನೆ.

ಹಾಸ್ಪೈಸ್ ಅಂದರೆ ಇದೇ ಆರೈಕೆಯ ಕೊನೆಯ ಭಾಗ. ಕಾಯಿಲೆಗೆ ಕೊಡುವ ಚಿಕಿತ್ಸೆ ಇನ್ನು ಕೆಲಸಕ್ಕೆ ಬರುತ್ತಿಲ್ಲ, ಇರುವಷ್ಟು ದಿನ ನೆಮ್ಮದಿಯಿಂದ ಇರಲಿ ಅಂತ ಪೂರ್ತಿ ಗಮನ ಆ ಕಡೆ ತಿರುಗಿಸುವುದು. ಅದು ಒಂದು ಕಟ್ಟಡದಲ್ಲೂ ಆಗಬಹುದು, ಮನೆಯಲ್ಲೂ ಆಗಬಹುದು. ಇದಕ್ಕೆ ಮಾತ್ರ "ಯಾವಾಗ?" ಅನ್ನುವ ಪ್ರಶ್ನೆ ಬರುತ್ತದೆ.

ಆ ಪ್ರಶ್ನೆಯನ್ನು ಜನ ನನ್ನ ಮುಂದೆ ಇಡುವುದು ಬೇರೆ ರೂಪದಲ್ಲಿ. "ಡಾಕ್ಟ್ರೇ, ಎಷ್ಟು ದಿನ ಅಂತ ಹೇಳಿಬಿಡಿ." ಮದುವೆ ಇದೆ, ಗದ್ದೆ ಕೊಯ್ಲಿದೆ, ತಮ್ಮ ದುಬೈಯಿಂದ ಟಿಕೆಟ್ ಮಾಡಿಸಬೇಕು. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಲೆಕ್ಕದಲ್ಲಿ ನಾವು ಡಾಕ್ಟರುಗಳು ಎಷ್ಟು ದಡ್ಡರು ಅಂತ ನಿಮಗೆ ಗೊತ್ತಿರಬೇಕು. ಶಿಕಾಗೋದಲ್ಲಿ ಹಾಸ್ಪೈಸ್‌ಗೆ ಕಳಿಸಿದ 468 ರೋಗಿಗಳ ಬಗ್ಗೆ ಅವರನ್ನು ಕಳಿಸಿದ 343 ಡಾಕ್ಟರುಗಳನ್ನೇ ಕೇಳಿದರು, ಇವರು ಎಷ್ಟು ದಿನ ಬದುಕಬಹುದು ಅಂತ. ಆಮೇಲೆ ನಿಜಕ್ಕೂ ಏನಾಯಿತು ಅಂತ ನೋಡಿದರು. ಹೆಚ್ಚು ಕಡಿಮೆ ಸರಿಯಾಗಿ ಹೇಳಿದ್ದು 20 ಪರ್ಸೆಂಟ್ ಮಾತ್ರ. 63 ಪರ್ಸೆಂಟ್ ಅಂದಾಜು ಜಾಸ್ತಿಯ ಕಡೆಗೆ ವಾಲಿತ್ತು. ಒಟ್ಟಾರೆ ಲೆಕ್ಕ ಹಾಕಿದರೆ ಡಾಕ್ಟರುಗಳು ಹೇಳಿದ್ದು ನಿಜಕ್ಕಿಂತ 5 ಪಟ್ಟಿಗೂ ಮೇಲೆ. 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನ ಇದು. ಅದರಲ್ಲಿ ನನಗೆ ತುಂಬ ಇಷ್ಟವಾದ ವಿಷಯ ಇನ್ನೊಂದಿದೆ. ರೋಗಿಯ ಪರಿಚಯ ಹಳೆಯದಾದಷ್ಟೂ ಡಾಕ್ಟರ ಅಂದಾಜು ಹೆಚ್ಚು ತಪ್ಪುತ್ತಿತ್ತು. ಹತ್ತು ವರ್ಷದಿಂದ ನೋಡುತ್ತಿರುವ ಫ್ಯಾಮಿಲಿ ಡಾಕ್ಟರಿಗೆ ತಮ್ಮ ರೋಗಿಯಾದ ಮೇಷ್ಟ್ರು ಹೋಗಿಬಿಡುತ್ತಾರೆ ಅಂತ ಹೇಳಲು ಬಾಯಿ ಬರುವುದಿಲ್ಲ. ಮನುಷ್ಯರಲ್ಲವಾ ಅವರೂ.

ಇನ್ನು, ಆರು ತಿಂಗಳೊಳಗೆ ಹೋಗುವವರಿಗೇ ಹಾಸ್ಪೈಸ್ ಅನ್ನುತ್ತಾರಲ್ಲ, ಆ ಲೆಕ್ಕಕ್ಕೆ ಬರೋಣ. ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು ಅಮೆರಿಕದಲ್ಲಿದ್ದಾರೆ. ಅವರು ವಾಟ್ಸಾಪಿನಲ್ಲಿ ಅಲ್ಲಿನ ಹಾಸ್ಪೈಸ್ ಅರ್ಹತೆಯ ಒಂದು ಪಟ್ಟಿ ಕಳಿಸುತ್ತಾರೆ. "ಅಮ್ಮನಿಗೆ ಇದರಲ್ಲಿ ಯಾವ್ಯಾವುದು ಇದೆ, ಡಾಕ್ಟರ ಹತ್ತಿರ ಟಿಕ್ ಹಾಕಿಸಿ." ಆ ಪಟ್ಟಿಯ ಕಥೆ ಸ್ವಲ್ಪ ಹೇಳುತ್ತೇನೆ. ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಅಂತ ಸರ್ಕಾರದ ವಿಮೆ ಇದೆ. 1982ರಲ್ಲಿ ಕಾನೂನು ಮಾಡಿ ಹಾಸ್ಪೈಸ್ ಖರ್ಚನ್ನೂ ಅದರೊಳಗೆ ಸೇರಿಸಿದರು. ಹಣ ಕೊಡುವವರು ಎಲ್ಲೋ ಒಂದು ಗೆರೆ ಎಳೆಯಲೇಬೇಕಲ್ಲ. ಕಾಯಿಲೆ ತನ್ನ ಪಾಡಿಗೆ ಮುಂದುವರಿದರೆ ಆರು ತಿಂಗಳು ಅಥವಾ ಕಡಿಮೆ ಅಂತ ಇಬ್ಬರು ಡಾಕ್ಟರು ಬರೆದುಕೊಡಬೇಕು. ಆ ಕಾಯಿಲೆಯನ್ನು ವಾಸಿ ಮಾಡುವ ಚಿಕಿತ್ಸೆ ಇನ್ನು ಬೇಡ ಅಂತ ರೋಗಿ ಸಹಿ ಹಾಕಬೇಕು. ಮೊದಲು 90 ದಿನ, ಮತ್ತೆ 90 ದಿನ, ಆಮೇಲೆ 60 ದಿನಕ್ಕೊಮ್ಮೆ ಪರಿಶೀಲನೆ. ಇಂತಿಷ್ಟೇ ಸಲ ಅಂತ ಮಿತಿ ಇಲ್ಲ, ಇಳಿಮುಖ ಮುಂದುವರಿದಿದೆ ಅಂತ ಪ್ರತಿ ಸಲ ಬರೆದು ತೋರಿಸಬೇಕು ಅಷ್ಟೇ.

ಅಂದರೆ ಆರು ತಿಂಗಳು ಅನ್ನುವುದು ವಿಮೆಯ ಗೆರೆ. ವೈದ್ಯಶಾಸ್ತ್ರದಲ್ಲಿ ಅಂಥ ಗೆರೆ ಎಲ್ಲೂ ಇಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2023ರ ಫೆಬ್ರವರಿಯಲ್ಲಿ ಹಾಸ್ಪೈಸ್ ಆರೈಕೆಗೆ ಸೇರಿದರು. ಜಾರ್ಜಿಯಾದ ತಮ್ಮ ಮನೆಯಲ್ಲೇ ಇದ್ದರು. ಇನ್ನೇನು ವಾರದಲ್ಲಿ ಸುದ್ದಿ ಬರುತ್ತದೆ ಅಂತ ಪತ್ರಿಕೆಯವರೆಲ್ಲ ಕಾದರು. ಅವರು ತೀರಿಕೊಂಡಿದ್ದು 2024ರ ಡಿಸೆಂಬರ್ 29ಕ್ಕೆ, 100 ತುಂಬಿದ ಮೇಲೆ. ನಡುವೆ ಹೆಂಡತಿಯ ಅಂತ್ಯಸಂಸ್ಕಾರಕ್ಕೆ ಹೋಗಿಬಂದರು, ಚುನಾವಣೆಯಲ್ಲಿ ಓಟೂ ಹಾಕಿದರು. ಹಾಗಾದರೆ 2023ರಲ್ಲಿ ಮಾಡಿದ ತೀರ್ಮಾನ ತಪ್ಪಾಗಿತ್ತಾ? ನನಗೇನೂ ಹಾಗನ್ನಿಸುವುದಿಲ್ಲ. ಪದೇ ಪದೇ ಆಸ್ಪತ್ರೆಗೆ ಅಲೆಯುವುದು ಸಾಕು, ಮನೆಯಲ್ಲಿರುತ್ತೇನೆ ಅಂದರು, ಇದ್ದರು. ದಿನ ಜಾಸ್ತಿ ಸಿಕ್ಕಿತು.

ನಮ್ಮಲ್ಲಿ ಅಂಥ ವಿಮೆ ಇಲ್ಲ, ಹಾಗಾಗಿ ಅಂಥ ಗೆರೆಯೂ ಇಲ್ಲ. ನಮ್ಮಲ್ಲಿ ಹಾಸ್ಪೈಸ್ ಬೆಳೆದದ್ದು ದಾನ ಧರ್ಮದಿಂದ. 1986ರಲ್ಲಿ ಮುಂಬೈಯ ಬಾಂದ್ರಾದಲ್ಲಿ ಶಾಂತಿ ಅವೇದನಾ ಸದನ ಶುರುವಾಯಿತು, ದೇಶದಲ್ಲೇ ಮೊದಲನೆಯದು. ಬೆಂಗಳೂರಿನ ಕರುಣಾಶ್ರಯದ ಟ್ರಸ್ಟ್ 1994ರಲ್ಲಿ ಹುಟ್ಟಿತು, ಮಾರತ್‌ಹಳ್ಳಿ ಹತ್ತಿರದ ಅವರ ಕಟ್ಟಡ ಶುರುವಾಗಿದ್ದು 1999ರಲ್ಲಿ. ವಾಸಿಯಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ. ಇಂಥ ಜಾಗಗಳಲ್ಲಿ ಹೆಚ್ಚಿನವು ಕ್ಯಾನ್ಸರಿಗಾಗಿಯೇ ಕಟ್ಟಿದವು. ಹಾಗಾಗಿ ಕ್ಯಾನ್ಸರ್ ಇರುವವರಿಗೆ ಒಂದು ದಾರಿ ಇದೆ. ಹೃದಯ ಸೋತವರಿಗೆ, ಮರೆವಿನ ಕಾಯಿಲೆಯ ಅಜ್ಜಿಗೆ ಕಟ್ಟಡದ ಹಾಸ್ಪೈಸ್ ಸಿಗುವುದು ಕಷ್ಟ. ಅವರಿಗೆ ಹಾಸ್ಪೈಸ್ ಅಂದರೆ ಮನೆಯೇ. ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡು ನೋಡಿರುತ್ತೀರಲ್ಲ, ಅವರು ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆ, ಪ್ಯಾಲಿಯೇಟಿವ್ ಆರೈಕೆ ಎರಡೂ ಇವೆ. ಕಾಗದದಲ್ಲಿ ಇದೆ, ಎಲ್ಲ ಕಡೆ ಕೈಗೆ ಸಿಗುತ್ತದೆ ಅಂತ ನಾನು ಹೇಳಲಾರೆ. ಕೇಳುವವರಿದ್ದರೆ ಮಾಡುವವರೂ ಹುಟ್ಟುತ್ತಾರೆ, ಹೋಗಿ ಕೇಳಿ.

ಗೆರೆ ಇಲ್ಲ ಅಂದಮೇಲೆ ನಾವು ಏನು ನೋಡುತ್ತೇವೆ? ಶಿಕಾರಿಪುರದ ಕಡೆಯ ಒಂದು ಮನೆಯ ವಿಷಯ ಹೇಳುತ್ತೇನೆ. ಮಾವನಿಗೆ ಅನ್ನನಾಳದ ಕ್ಯಾನ್ಸರ್. ಸೊಸೆ ಹಾಲಿನ ಲೆಕ್ಕದ ಪುಸ್ತಕದಲ್ಲೇ ಎಡಗಡೆ ಹಾಲು, ಬಲಗಡೆ ಮಾವನ ದಿನಚರಿ ಬರೆದಿಟ್ಟಿದ್ದರು. ಯಾರೂ ಬರೆಯಿರಿ ಅಂದಿರಲಿಲ್ಲ, ಗಂಡ ಬೆಂಗಳೂರಿಂದ ಫೋನ್ ಮಾಡಿದಾಗ ಹೇಳಲು ಬೇಕು ಅಂತ. ಅದನ್ನು ತಿರುವಿ ಹಾಕಿದೆ. ಯುಗಾದಿ ಹೊತ್ತಿಗೆ, "ಇಡ್ಲಿ 2, ಹಾಲು 1 ಲೋಟ. ತಾವೇ ಸ್ನಾನ. ಜಗುಲಿಯಲ್ಲಿ ಕೂತರು." ಮೂರು ವಾರ ಬಿಟ್ಟು, "ಇಡ್ಲಿ ಅರ್ಧ, ನೆನೆಸಿ ಕೊಟ್ಟೆ. ಬಚ್ಚಲಿಗೆ ಹಿಡಿದುಕೊಂಡು." ಇನ್ನೂ ಎರಡು ವಾರಕ್ಕೆ, "ಗಂಜಿ 4 ಚಮಚ. ಮಧ್ಯಾಹ್ನ ಪೂರ್ತಿ ನಿದ್ದೆ. ಪೇಪರ್ ಕೇಳಲಿಲ್ಲ." ಈ ಕೊನೆಯ ಮಾತು ನೋಡಿ. ಐವತ್ತು ವರ್ಷ ದಿನಾ ಪೇಪರ್ ಓದಿದ ಮನುಷ್ಯ ಪೇಪರ್ ಕೇಳಲಿಲ್ಲ. ಅದೇ ಹೊತ್ತಿನ ಸ್ಕ್ಯಾನ್ ರಿಪೋರ್ಟಿನಲ್ಲಿ "ಹಿಂದಿನದಕ್ಕೆ ಹೋಲಿಸಿದರೆ ಗಮನಾರ್ಹ ಬದಲಾವಣೆ ಇಲ್ಲ" ಅಂತಿತ್ತು. ಗೆಡ್ಡೆ ಅಷ್ಟೇ ಇದ್ದಿರಬಹುದು. ಮನುಷ್ಯ ಇಳಿಯುತ್ತಿದ್ದರು.

ನಾವು ನೋಡುವುದು ಈ ಇಳಿಜಾರು. ಇವತ್ತು ಹೇಗಿದ್ದಾರೆ ಅನ್ನುವುದಕ್ಕಿಂತ ಎಷ್ಟು ಬೇಗ ಇಳಿಯುತ್ತಿದ್ದಾರೆ ಅನ್ನುವುದು ಮುಖ್ಯ. ತಿಂಗಳು ತಿಂಗಳಿಗೆ ಬದಲಾವಣೆ ಕಾಣುತ್ತಿದ್ದರೆ ಉಳಿದಿರುವುದು ಬಹುಶಃ ತಿಂಗಳುಗಳು. ವಾರ ವಾರಕ್ಕೆ ಕಾಣುತ್ತಿದ್ದರೆ ವಾರಗಳು. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಇದ್ದರೆ ದಿನಗಳು. ತಾರೀಖು ಹೇಳಲು ಆಗುವುದಿಲ್ಲ, ಇಷ್ಟು ಹೇಳಬಹುದು. ದುಬೈಯ ತಮ್ಮನಿಗೆ ಟಿಕೆಟ್ ಮಾಡಿಸಲು ಇಷ್ಟು ಸಾಕಾಗುತ್ತದೆ.

ಕ್ಯಾನ್ಸರ್ ಡಾಕ್ಟರುಗಳ ಹತ್ತಿರ ಇದಕ್ಕೆ ಒಂದು ಅಳತೆ ಇದೆ, ಇಕಾಗ್ ಅಂತ. ಚೀಟಿಯಲ್ಲಿ "ಪಿಎಸ್" (ಪರ್ಫಾರ್ಮೆನ್ಸ್ ಸ್ಟೇಟಸ್, ಅಂದರೆ ರೋಗಿ ಎಷ್ಟು ಓಡಾಡಿಕೊಂಡಿದ್ದಾರೆ ಅನ್ನುವುದು) ಅಂತ ಬರೆದು ಮುಂದೆ ಒಂದು ಅಂಕಿ ಹಾಕಿರುತ್ತಾರೆ, ಗಮನಿಸಿ. ಸೊನ್ನೆ ಅಂದರೆ ಮೊದಲಿನ ಹಾಗೇ ಓಡಾಡಿಕೊಂಡಿದ್ದಾರೆ. ಎಚ್ಚರ ಇರುವ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆಯುತ್ತಿದ್ದರೆ 3. ಪೂರ್ತಿ ಹಾಸಿಗೆ ಹಿಡಿದಿದ್ದರೆ 4. ಗೆಡ್ಡೆಯ ರೂಪದ ಕ್ಯಾನ್ಸರುಗಳಲ್ಲಿ, ಒಂದೆರಡು ಬಗೆಯ ಚಿಕಿತ್ಸೆ ಆಗಲೇ ಕೈಕೊಟ್ಟಿದ್ದು, ರೋಗಿ 3 ಅಥವಾ 4ರಲ್ಲಿದ್ದರೆ, ಇನ್ನೊಂದು ಸುತ್ತು ಕೀಮೋದಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ. ಅಪವಾದ ಇವೆ. ಕೆಲವು ರಕ್ತದ ಕ್ಯಾನ್ಸರು, ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್), ಇನ್ನು ಕೆಲವು ಬಗೆಯಲ್ಲಿ ಹೊಸ ಮಾತ್ರೆಗಳು ಹಾಸಿಗೆ ಹಿಡಿದವರನ್ನೂ ಎಬ್ಬಿಸುವುದುಂಟು. ಆದ್ದರಿಂದ ನಮ್ಮ ಕಾಯಿಲೆ ಆ ಗುಂಪಿನದಾ ಅಂತ ಬಾಯಿಬಿಟ್ಟು ಕೇಳಬೇಕು.

ಈ ಅಂಕಿಯಲ್ಲಿ ಇನ್ನೊಂದು ತೊಡಕಿದೆ. ಓಪಿಡಿಗೆ ಹೋಗುವ ದಿನ ರೋಗಿ ಶರ್ಟು ಇಸ್ತ್ರಿ ಮಾಡಿಸಿಕೊಂಡು, ಕ್ರಾಪು ಬಾಚಿಕೊಂಡು, "ಆರಾಮಾಗಿದೀನಿ ಸಾರ್" ಅಂತ ನಕ್ಕುಬಿಡುತ್ತಾರೆ. ಡಾಕ್ಟರು 1 ಅಂತ ಬರೆಯುತ್ತಾರೆ. ಹಿಂದೆ ನಿಂತ ಹೆಂಡತಿಗೆ ಗೊತ್ತು, ಇವರು ಇವತ್ತು ಎದ್ದದ್ದೇ ಇದಕ್ಕಾಗಿ ಅಂತ. ಹಾಗಿದ್ದಾಗ ಸುಮ್ನೆ ನಿಂತುಕೊಳ್ಳಬೇಡಿ. "ಸಾರ್, ಮನೇಲಿ ಹೀಗಿರಲ್ಲ" ಅಂತ ಹೇಳಿ. ಅಥವಾ ಚೀಟಿಯಲ್ಲಿ ಬರೆದು ಕೊಡಿ. ಹಾಲಿನ ಪುಸ್ತಕವನ್ನೇ ತೋರಿಸಿದರೂ ನಡೆಯುತ್ತದೆ.

ಇಳಿಯುತ್ತಿದ್ದಾರೆ ಅಂದ ತಕ್ಷಣ ಹಾಸ್ಪೈಸ್ ಅಂತ ಹಾರಬಾರದು. ಇಲ್ಲಿ ನಾನು ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಈ ಹೆಜ್ಜೆಯನ್ನು ದಾಟಿಕೊಂಡು ಹೋಗುವವರು ಜಾಸ್ತಿ. ಸರಿಪಡಿಸಬಹುದಾದ ಕಾರಣ ಏನಾದರೂ ಇದೆಯಾ ಅಂತ ನೋಡಲೇಬೇಕು. ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದ್ದ ಒಬ್ಬ ತಾಯಿ. ನಾಲ್ಕೈದು ದಿನದಲ್ಲಿ ಮಂಕಾದರು, ಏನೇನೋ ಮಾತಾಡಿದರು, ಊಟ ಬಿಟ್ಟರು, ಮಲವಿಸರ್ಜನೆ ನಿಂತಿತು. ಮನೆಯವರು ನೆಂಟರಿಗೆಲ್ಲ ಫೋನ್ ಮಾಡಿಬಿಟ್ಟಿದ್ದರು. ರಕ್ತ ಪರೀಕ್ಷೆ ಮಾಡಿಸಿದರೆ ಕ್ಯಾಲ್ಸಿಯಂ ಮೇಲೇರಿ ಕೂತಿತ್ತು. ಡ್ರಿಪ್ ಹಾಕಿ, ಮೂಳೆಗೆ ಕೊಡುವ ಇಂಜೆಕ್ಷನ್ ಕೊಟ್ಟ ಮೇಲೆ ವಾರದೊಳಗೆ ಎದ್ದು ಕೂತು, ಬಂದ ನೆಂಟರಿಗೆ ಕಾಫಿ ಕೊಟ್ರಾ ಅಂತ ಸೊಸೆಯನ್ನು ಕೇಳಿದರು. ವಯಸ್ಸಾದವರಲ್ಲಿ ಇನ್ನೂ ಸಾಮಾನ್ಯವಾದದ್ದು ಸೋಡಿಯಂ ಇಳಿಯುವುದು, ಬಿಪಿಗೋ ಕಾಲು ಊದಿದ್ದಕ್ಕೋ ಕೊಟ್ಟ ನೀರಿಳಿಸುವ ಮಾತ್ರೆಯಿಂದ. ಮೂತ್ರದ ಸೋಂಕು, ಮೂತ್ರ ಕಟ್ಟಿಕೊಳ್ಳುವುದು, ರಕ್ತ ಕಮ್ಮಿಯಾಗುವುದು, ಥೈರಾಯ್ಡ್, ಜಾಸ್ತಿಯಾದ ನಿದ್ದೆ ಮಾತ್ರೆ ಇವೂ ಹಾಗೇ ಮಾಡುತ್ತವೆ. ಖಿನ್ನತೆಯಂತೂ ಕೊನೆಯ ಹಂತದ ಹಾಗೇ ಕಾಣುತ್ತದೆ. ಇವನ್ನು ಪತ್ತೆ ಮಾಡಲು ದೊಡ್ಡ ಆಸ್ಪತ್ರೆ ಬೇಡ, ಒಂದು ರಕ್ತ ಪರೀಕ್ಷೆ, ಒಂದು ಮೂತ್ರ ಪರೀಕ್ಷೆ, ಮಾತ್ರೆ ಡಬ್ಬಿ ಸುರಿದು ನೋಡುವುದು, ಇಷ್ಟರಲ್ಲಿ ಹೆಚ್ಚಿನವು ಸಿಕ್ಕಿಬಿಡುತ್ತವೆ. ಸರಿಪಡಿಸಿದ ಮೇಲೂ ಇಳಿಯುತ್ತಲೇ ಇದ್ದರೆ ಆಗ ಮುಂದಿನ ಮಾತು.

ಎಲ್ಲ ಕಾಯಿಲೆಯೂ ಒಂದೇ ಥರ ಇಳಿಯುವುದಿಲ್ಲ. ಕ್ಯಾನ್ಸರಿನಲ್ಲಿ ಬಹಳ ದಿನ ಪರವಾಗಿಲ್ಲ ಅನ್ನುವ ಹಾಗಿದ್ದು, ಕೊನೆಯ ಒಂದೆರಡು ತಿಂಗಳಲ್ಲಿ ಜರ್ರನೆ ಇಳಿಯುತ್ತಾರೆ. ಹಾಗಾಗಿ ಗುರುತಿಸುವುದು ಸುಲಭ. ಹೃದಯ ಮತ್ತು ಶ್ವಾಸಕೋಶದ ಕಾಯಿಲೆ ಮಳೆಗಾಲದ ಮಲೆನಾಡಿನ ಕರೆಂಟಿನ ಹಾಗೆ. ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಯಾವ ಸಲ ಹೋದದ್ದು ವಾಪಸ್ ಬರುವುದಿಲ್ಲ ಅಂತ ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಏದುಸಿರು ಅಂತ ಐಸಿಯುಗೆ ಹೋಗುತ್ತಾರೆ, ಐದು ದಿನಕ್ಕೆ ಮನೆಗೆ ಬರುತ್ತಾರೆ, ಎಲ್ಲ ಸರಿಹೋಯಿತು ಅಂತ ಸಮಾಧಾನ. ಆದರೆ ಪ್ರತಿ ಸಲವೂ ಮೊದಲಿದ್ದ ಮಟ್ಟಕ್ಕೆ ಮರಳುವುದಿಲ್ಲ, ಸ್ವಲ್ಪ ಕೆಳಗೇ ನಿಲ್ಲುತ್ತಾರೆ. ಮಾತ್ರೆಗಳೆಲ್ಲ ಸರಿಯಾಗಿ ತಗೊಳ್ಳುತ್ತಿದ್ದರೂ ಸುಮ್ಮನೆ ಕೂತಾಗಲೇ ದಮ್ಮು ಬರುತ್ತಿದೆ, ಮೂರ್ನಾಲ್ಕು ತಿಂಗಳಲ್ಲಿ ಎರಡು ಮೂರು ಸಲ ಅಡ್ಮಿಟ್ ಆಗಿದೆ, ನೀರಿಳಿಸುವ ಮಾತ್ರೆ ಹೆಚ್ಚಿಸಿದರೆ ಕಿಡ್ನಿ ಕೆಡುತ್ತಿದೆ, ಬಿಟ್ಟರೆ ಕಾಲು ಬಾವು ಏರುತ್ತಿದೆ ಅನ್ನುವ ಸ್ಥಿತಿಗೆ ಬಂದರೆ ಕೂತು ಮಾತಾಡುವ ಕಾಲ. ಎಕೋ ರಿಪೋರ್ಟಿನಲ್ಲಿ ಇಎಫ್ (ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಪರ್ಸೆಂಟ್ ಹೊರಗೆ ತಳ್ಳುತ್ತದೆ ಅನ್ನುವ ಅಂಕಿ) 20 ಅಥವಾ ಅದಕ್ಕಿಂತ ಕಡಿಮೆ ಅಂತ ಇದ್ದರೆ ಅಮೆರಿಕದ ಪಟ್ಟಿಯಲ್ಲಿ ಅದಕ್ಕೂ ಒಂದು ಟಿಕ್. ನಾನು ಅದೊಂದನ್ನೇ ನೋಡುವುದಿಲ್ಲ. ಇಎಫ್ 20 ಇದ್ದುಕೊಂಡು ಸಂತೆಗೆ ಹೋಗಿಬರುವವರನ್ನು ನೋಡಿದ್ದೇನೆ.

ಮರೆವಿನ ಕಾಯಿಲೆ ಎಲ್ಲಕ್ಕಿಂತ ಕಷ್ಟ. ವರ್ಷಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ, ಮನೆಯವರಿಗೆ ಅದೇ ಅಭ್ಯಾಸವಾಗಿಬಿಡುತ್ತದೆ. ಇದಕ್ಕೆ ಫಾಸ್ಟ್ ಅಂತ ಒಂದು ಅಳತೆ ಇದೆ, ಏಳು ಹಂತದ್ದು. ಏಳನೆಯ ಹಂತದಲ್ಲಿ ದಿನಕ್ಕೆ ಐದಾರು ಮಾತಿಗೆ ಇಳಿಯುತ್ತಾರೆ, ಆಮೇಲೆ ಒಂದೇ ಮಾತು, ಆಮೇಲೆ ನಡೆಯುವುದು ನಿಲ್ಲುತ್ತದೆ. ಮುಂದೆ ಆಧಾರವಿಲ್ಲದೆ ಕೂರಲು ಆಗುವುದಿಲ್ಲ, ಆಮೇಲೆ ನಗುವೂ ಹೋಗುತ್ತದೆ. ನಡೆಯುವುದು ನಿಂತ ಹಂತ ತಲುಪಿದ್ದು, ಕಳೆದ ಒಂದು ವರ್ಷದಲ್ಲಿ ಊಟ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಿದ್ದರೆ, ಅಥವಾ ಆಳವಾದ ಬೆಡ್‌ಸೋರ್ (ಮಲಗಿ ಮಲಗಿ ಆಗುವ ಹುಣ್ಣು), ವಾಸಿಯಾಗಿ ಮತ್ತೆ ಬರುವ ಜ್ವರ, ಆರು ತಿಂಗಳಲ್ಲಿ ತೂಕ 10 ಪರ್ಸೆಂಟ್ ಇಳಿದಿರುವುದು ಇದ್ದರೆ ಅಮೆರಿಕದಲ್ಲಿ ಅರ್ಹರು ಅಂತ ಬರೆಯುತ್ತಾರೆ. ಈ ಪಟ್ಟಿ ನಮಗೂ ಉಪಯೋಗಕ್ಕೆ ಬರುತ್ತದೆ, ಇಲ್ಲಿನ ಅಜ್ಜಿಗೂ ಅಲ್ಲಿನ ಅಜ್ಜಿಗೂ ಕಾಯಿಲೆ ಒಂದೇ ತಾನೇ. ಈ ಹಂತದಲ್ಲೇ ಊಟ ಕೊಡಲು ಮೂಗಿಗೆ ನಳಿಕೆ ಹಾಕುವ ಮಾತು ಬರುವುದು. ಕೊನೆಯ ಹಂತದ ಮರೆವಿನ ಕಾಯಿಲೆಯಲ್ಲಿ ನಳಿಕೆಯಿಂದ ಆಯುಸ್ಸು ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಅಜ್ಜಿ ಅದನ್ನು ಕಿತ್ತುಹಾಕುತ್ತಾರೆ, ಕಿತ್ತುಹಾಕಬಾರದು ಅಂತ ಕೈ ಕಟ್ಟುತ್ತಾರೆ. ತಲೆ ಎತ್ತಿ ಕೂರಿಸಿ, ಗಟ್ಟಿ ಗಂಜಿ ಅಥವಾ ರಾಗಿ ಸರಿಯನ್ನು ಚಮಚ ಚಮಚ, ಅವರಿಗೆ ಬೇಕಾದಷ್ಟೇ ತಿನ್ನಿಸುವುದೇ ಒಳ್ಳೆಯದು.

ಡಯಾಲಿಸಿಸ್ ವಿಷಯ ಒಂದೇ ಮಾತು. ಸಾಕು ಅಂತ ನಿಲ್ಲಿಸಿದರೆ, ಮೂತ್ರ ಪೂರ್ತಿ ನಿಂತವರಲ್ಲಿ ಸಾಮಾನ್ಯವಾಗಿ ಒಂದೆರಡು ವಾರ. ಅಲ್ಲಿ ಅರ್ಹತೆಯ ಲೆಕ್ಕಾಚಾರಕ್ಕೆ ಜಾಗ ಇಲ್ಲ, ಆರೈಕೆಯ ಏರ್ಪಾಡು ಮಾಡಿಕೊಂಡೇ ನಿಲ್ಲಿಸಬೇಕು.

ಈಗ ನಾನು ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದ ವಿಷಯ. ದೇಹದ ಲೆಕ್ಕವೆಲ್ಲ ಕೂಡಿಬಂದರೂ ರೋಗಿಗೆ ಇಷ್ಟವಿದೆಯಾ ಅಂತ ಕೇಳಬೇಕಲ್ಲ. ನಮ್ಮಲ್ಲಿ ಅದು ಆಗುವುದೇ ಇಲ್ಲ. ಬಾಗಿಲ ಹೊರಗೇ ನನ್ನ ಕೈ ಹಿಡಿದುಕೊಳ್ಳುತ್ತಾರೆ, "ಅಪ್ಪಂಗೆ ಕ್ಯಾನ್ಸರ್ ಅಂತ ಹೇಳಿಲ್ಲ ಡಾಕ್ಟ್ರೇ, ಗ್ಯಾಸ್ಟ್ರಿಕ್ ಅಂದಿದೀವಿ, ದಯವಿಟ್ಟು ಬಾಯಿಬಿಡಬೇಡಿ." ಒಳಗೆ ಹೋದರೆ, ಮಗ ಕಾಫಿ ತರಲು ಹೋಗುವವರೆಗೆ ಕಾದು ಅಪ್ಪ ಕೇಳುತ್ತಾರೆ, "ಇನ್ನೆಷ್ಟು ದಿನ ಎಳೆಯುತ್ತೆ ಇದು? ಮಗನಿಗೆ ಹೇಳಬೇಡಿ, ತಡಕೊಳ್ಳಲ್ಲ." ಇಬ್ಬರಿಗೂ ಗೊತ್ತು. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದಾರೆ. ಈ ನಾಟಕದ ನಡುವೆ ಜಮೀನಿನ ಕಾಗದ, ಬ್ಯಾಂಕಿನ ಪಾಸ್‌ಬುಕ್ಕು, ಮುನಿಸಿಕೊಂಡ ತಂಗಿ, ಧರ್ಮಸ್ಥಳದ ಹರಕೆ ಎಲ್ಲ ಬಾಕಿ ಉಳಿದುಬಿಡುತ್ತವೆ. ನಾನು ರೋಗಿಯನ್ನು ಮೊದಲು ಕೇಳುವುದು ಇಷ್ಟೇ: "ನಿಮ್ಮ ಕಾಯಿಲೆ ಬಗ್ಗೆ ಎಷ್ಟು ತಿಳಿದುಕೊಳ್ಳಬೇಕು ಅಂತಿದೆ ನಿಮಗೆ?" ಎಲ್ಲ ಮಗನಿಗೆ ಹೇಳಿ ಸಾಕು ಅಂತ ಅವರೇ ಅಂದರೆ ಅದೂ ಸರಿ. ಆದರೆ ಆ ಮಾತು ಅವರ ಬಾಯಿಂದ ಬರಬೇಕು. "ಇನ್ನೊಂದು ಕೀಮೋ ಬೇಡಪ್ಪ" ಅಂತ ಅವರು ಅಂದರೆ ಅದು ಯಾವ ಅಂಕಿಗಿಂತಲೂ ದೊಡ್ಡ ಅರ್ಹತೆ. ಬೇಕು ಅಂದರೂ ಅಷ್ಟೇ ಗೌರವ ಕೊಡಬೇಕು. ಬೆಳೆದ ಮಗಳ ಮದುವೆ ಮುಗಿಯುವವರೆಗೆ ಏನಾದರೂ ಮಾಡಿ ಅನ್ನುವವರಿಗೆ ನಾನು ಪಟ್ಟಿ ತೋರಿಸಲು ಹೋಗುವುದಿಲ್ಲ.

ಸ್ಪೆಷಲಿಸ್ಟ್ ಹತ್ತಿರ ಹೋದಾಗ ಏನು ಕೇಳಬೇಕು ಅಂತ ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. "ಹಾಸ್ಪೈಸ್‌ಗೆ ಹಾಕಬೇಕಾ?" ಅಂತ ಕೇಳಿದರೆ ಹೆಚ್ಚಿನವರು ಗಾಬರಿಯಾಗಿ "ಅಂಥದ್ದೇನಿಲ್ಲ" ಅಂದುಬಿಡುತ್ತಾರೆ. ಬೇರೆ ಥರ ಕೇಳಿ. ಈ ಚಿಕಿತ್ಸೆಯಿಂದ ನಮ್ಮಮ್ಮನಿಗೆ ಯಾವ ವ್ಯತ್ಯಾಸ ಕಾಣಬೇಕು, ಎಷ್ಟು ದಿನದಲ್ಲಿ? ಕಾಣದಿದ್ದರೆ ನಿಲ್ಲಿಸೋಣವಾ? ಮಾಡಿಸದೆ ಇದ್ದರೆ ಏನಾಗುತ್ತದೆ? ಹಾಗೇ ಡಾಕ್ಟರುಗಳು ತಮ್ಮನ್ನೇ ಕೇಳಿಕೊಳ್ಳುವ ಒಂದು ಪ್ರಶ್ನೆ ಇದೆ, ಪ್ಯಾಲಿಯೇಟಿವ್ ಕ್ಷೇತ್ರದಲ್ಲಿ ಪ್ರಸಿದ್ಧವಾದದ್ದು: "ಈ ರೋಗಿ ಇನ್ನೊಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯವಾಗುತ್ತಾ?" ಇದನ್ನು ನೀವೂ ಅವರಿಗೆ ಕೇಳಬಹುದು, ಧೈರ್ಯ ಬೇಕು ಅಷ್ಟೇ. ಎಷ್ಟು ದಿನ ಅಂತ ಹೇಳದವರೂ ಇದಕ್ಕೆ ಒಂದು ಕ್ಷಣ ನಿಂತು ನಿಜ ಹೇಳುತ್ತಾರೆ.

ಇನ್ನೊಬ್ಬರು ಐಸಿಯುನಲ್ಲಿರುವವರ ವಿಷಯ ಕೇಳಿದರು. ಅಲ್ಲಿ ಕಾನೂನು ಬರುತ್ತದೆ. 2018ರ ಮಾರ್ಚ್ 9ಕ್ಕೆ ಸುಪ್ರೀಂ ಕೋರ್ಟು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಮುಂದೆ ನನಗೆ ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡಬಹುದು ಅಂತಲೂ ಒಪ್ಪಿತು. ಆದರೆ ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಯಾರೂ ಆ ದಾರಿ ಹಿಡಿಯಲಿಲ್ಲ. 2023ರ ಜನವರಿಯಲ್ಲಿ ಸರಳ ಮಾಡಿದರು. ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿದರೆ ಸಾಕು. ಯಂತ್ರ ತೆಗೆಯುವ ತೀರ್ಮಾನಕ್ಕೆ ಆಸ್ಪತ್ರೆಯಲ್ಲಿ ಡಾಕ್ಟರುಗಳ ಎರಡು ಮಂಡಳಿ ಒಪ್ಪಬೇಕು. ಇದನ್ನು ಜಾರಿಗೆ ತರಲು ನಮ್ಮ ರಾಜ್ಯ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಮನೆಗೆ ಕರೆದುಕೊಂಡು ಹೋಗುತ್ತೇವೆ ಅಂದರೆ "ವೈದ್ಯರ ಸಲಹೆಗೆ ವಿರುದ್ಧವಾಗಿ" ಅಂತ ಸಹಿ ಹಾಕಿಸಿ, ಒಂದು ನೋವಿನ ಮಾತ್ರೆಯನ್ನೂ ಕೊಡದೆ ಕಳಿಸುವ ಪದ್ಧತಿ ಇದೆಯಲ್ಲ, ಅದು ಹೋಗಬೇಕಾದರೆ ಈ ದಾರಿಯನ್ನು ಜನ ಕೇಳಿ ಉಪಯೋಗಿಸಬೇಕು.

ಜೋರು ನೋವಿಗೆ ಮಾರ್ಫಿನ್ ಕೊಟ್ಟರೆ ಬೇಗ ಸಾಯುತ್ತಾರಾ? ಪ್ರತಿ ಸಭೆಯಲ್ಲೂ ಬರುವ ಪ್ರಶ್ನೆ. ನೋವಿಗೆ ತಕ್ಕ ಪ್ರಮಾಣದಲ್ಲಿ, ನಿಧಾನಕ್ಕೆ ಹೆಚ್ಚಿಸುತ್ತಾ ಕೊಟ್ಟರೆ ಇಲ್ಲ. ಮಲಬದ್ಧತೆ ಖಂಡಿತ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಮಾತ್ರೆ ಕೊಡಬೇಕು. 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆ ತಿದ್ದಿದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಹಿಂದಿನಷ್ಟು ಲೈಸೆನ್ಸಿನ ಕಾಟ ಇಲ್ಲದೆ ಮಾರ್ಫಿನ್ ಇಟ್ಟುಕೊಳ್ಳಬಹುದು. ಆದರೂ ಜಿಲ್ಲೆಯಲ್ಲಿ ಎಲ್ಲಿ ಸಿಗುತ್ತದೆ ಅಂತ ನೋವು ಬರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಭಾನುವಾರ ರಾತ್ರಿ ಹುಡುಕಿದರೆ ಸಿಗುವ ಔಷಧ ಅಲ್ಲ ಅದು.

ಕೊನೆಯ ಚೀಟಿ, "ಹಾಸ್ಪೈಸ್‌ಗೆ ಸೇರಿಸಿದ ಮೇಲೆ ಸುಧಾರಿಸಿಕೊಂಡರೆ?" ಒಳ್ಳೆ ಪ್ರಶ್ನೆ. ಸುಧಾರಿಸಿಕೊಂಡರೆ ಮನೆಗೆ ಕಳಿಸುತ್ತಾರೆ. ನೋವು ಹತೋಟಿಗೆ ಬಂದು, ಗಾಯ ಒಣಗಿ, ನಾಲ್ಕು ದಿನ ಹೊಟ್ಟೆ ತುಂಬ ಊಟ ಸೇರಿದರೆ ಎಷ್ಟೋ ಜನ ಎದ್ದು ಓಡಾಡುತ್ತಾರೆ. ಅಮೆರಿಕದ ಹಾಸ್ಯ ಬರಹಗಾರ ಆರ್ಟ್ ಬುಕ್‌ವಾಲ್ಡ್ 2006ರಲ್ಲಿ ಡಯಾಲಿಸಿಸ್ ಬೇಡ ಅಂತ ಹಾಸ್ಪೈಸ್ ಸೇರಿದರು. ಒಂದೆರಡು ವಾರ ಅಂತ ಲೆಕ್ಕ. ಕಿಡ್ನಿ ತಾನಾಗಿಯೇ ಕೆಲಸ ಶುರು ಮಾಡಿತು. ಅಲ್ಲಿಂದ ಹೊರಗೆ ಬಂದರು, ಆ ಅನುಭವದ ಮೇಲೆ ಪುಸ್ತಕ ಬರೆದರು, ತೀರಿಕೊಂಡಿದ್ದು 2007ರ ಜನವರಿಯಲ್ಲಿ. ಅಂಥದ್ದು ಅಪರೂಪ. ಆದರೆ ಹಾಸ್ಪೈಸ್ ಬಾಗಿಲು ಎರಡೂ ಕಡೆ ತೆರೆಯುತ್ತದೆ. ಹೋದವರು ಮತ್ತೆ ಬೇಕಾದಾಗ ಬರಬಹುದು, ಬರುವಾಗ ಬಯಾಪ್ಸಿ ರಿಪೋರ್ಟು, ಕೊನೆಯ ಸ್ಕ್ಯಾನು, ಡಿಸ್ಚಾರ್ಜ್ ಸಮ್ಮರಿ, ಈಗ ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ ತನ್ನಿ. ಬಯಾಪ್ಸಿ ರಿಪೋರ್ಟಿನ ಎರಡು ಜೆರಾಕ್ಸ್ ಇವತ್ತೇ ಮಾಡಿಸಿಟ್ಟುಕೊಳ್ಳಿ, ಮೊದಲು ಕಳೆಯುವುದು ಯಾವಾಗಲೂ ಅದೇ.